ಕ್ರೈಸ್ತಧರ್ಮದಲ್ಲಿ ದೈವಕೃಪೆ ಮತ್ತು ಸ್ತುತಿಗಾನ

ಮನುಷ್ಯನಿಗೆ ಮುಕ್ತಿಯು ದೊರೆಯುವುದು ಅವನ ಸ್ವಪ್ರಯತ್ನದ ಫಲವಾಗಿಯೋ ಅಥವಾ ದೇವರ ಕೃಪೆಯಿಂದಲೋ ಎಂಬ ಪ್ರಶ್ನೆಯು ಧರ್ಮಗಳ ಇತಿಹಾಸದಲ್ಲಿ ಬಹು ಹಳೆಯದು. ಜಪ, ತಪ, ದಾನ, ಉಪವಾಸ, ತೀರ್ಥಯಾತ್ರೆಗಳ ಮೆಟ್ಟಿಲುಗಳನ್ನು ಹತ್ತಿ ಮನುಷ್ಯನು ದೇವರ ಬಳಿಗೆ ಏರಿಹೋಗಬೇಕೋ, ಇಲ್ಲವೆ ದೇವರೇ ಕರುಣೆಗೊಂಡು ಮನುಷ್ಯನ ಬಳಿಗೆ ಇಳಿದುಬರುವನೋ? ಈ ಪ್ರಶ್ನೆಗೆ ಒಂದೊಂದು ಧರ್ಮವೂ ತನ್ನದೇ ಆದ ರೀತಿಯಲ್ಲಿ ಉತ್ತರವನ್ನು ಕೊಟ್ಟಿದೆ. ಕ್ರೈಸ್ತಧರ್ಮದಲ್ಲಂತೂ ಅದು ಪಂಡಿತರ ಚರ್ಚೆಯ ವಿಷಯವಾಗಿ ಮಾತ್ರ ಉಳಿಯದೆ ರಾಜ್ಯಗಳನ್ನು ನಡುಗಿಸಿತು, ಸಭೆಯನ್ನು ಒಡೆಯಿತು, ಸಾವಿರಾರು ಹಾಡುಗಳಿಗೆ ಜನ್ಮವಿತ್ತಿತು. ಮುಕ್ತಿಯು ದೇವರು ಉಚಿತವಾಗಿ ಕೊಡುವ ವರವೆಂಬ ನಂಬಿಕೆಯು ಆ ಧರ್ಮದಲ್ಲಿ ಹೊಸದಾಗಿ ಕುದುರಿದಾಗಲೆಲ್ಲ ಜನರ ಬಾಯಿಂದ ಹಾಡು ಹೊಮ್ಮಿದೆ. ಇದು ಹೀಗೇಕೆ, ಆ ನಂಬಿಕೆಯಲ್ಲಿ ಅಡಗಿರುವ ಬಲವೇನು, ಅಪಾಯವೇನು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಈ ಇತಿಹಾಸವು ಒಂದು ಸೆರೆಮನೆಯಿಂದ ಆರಂಭವಾಗುತ್ತದೆ. ಕ್ರಿಸ್ತಶಕ ೫೦ರ ಸುಮಾರಿನಲ್ಲಿ ಕ್ರಿಸ್ತನ ಅಪೊಸ್ತಲನಾದ ಪೌಲನೂ ಅವನ ಸಂಗಡಿಗನಾದ ಸೀಲನೂ ಮಕೆದೋನ್ಯದ ಫಿಲಿಪ್ಪಿ ಪಟ್ಟಣಕ್ಕೆ ಬಂದರು. ಅಲ್ಲಿಯ ಅಧಿಕಾರಿಗಳು ಅವರನ್ನು ಬೆತ್ತಗಳಿಂದ ಹೊಡೆಸಿ, ಸೆರೆಮನೆಯ ಒಳಕೋಣೆಯಲ್ಲಿಟ್ಟು, ಕಾಲುಗಳಿಗೆ ಕೋಳವನ್ನು ಬಿಗಿಸಿದರು. ನಡುರಾತ್ರಿಯಲ್ಲಿ ಅವರಿಬ್ಬರೂ ದೇವರನ್ನು ಕುರಿತು ಹಾಡುತ್ತಿದ್ದರು. ಉಳಿದ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರು ಎಂದು ಬೈಬಲ್ಲಿನ ‘ಅಪೊಸ್ತಲರ ಕೃತ್ಯಗಳು’ ಎಂಬ ಭಾಗದಲ್ಲಿ ಹೇಳಿದೆ. ಆಗ ಭೂಕಂಪವಾಗಿ ಬಾಗಿಲುಗಳೆಲ್ಲ ತೆರೆದುವು. ಕೈದಿಗಳು ಓಡಿಹೋದರೆಂದು ಬಗೆದು ಪ್ರಾಣಬಿಡಲು ಸಿದ್ಧನಾದ ಸೆರೆಮನೆಯ ಕಾವಲುಗಾರನನ್ನು ಪೌಲನೇ ಕೂಗಿ ತಡೆದನು. ಅವನು ನಡುಗುತ್ತ ಬಂದು, ರಕ್ಷಣೆ ಹೊಂದಲು ತಾನು ಮಾಡಬೇಕಾದುದೇನೆಂದು ಕೇಳಿದನು. ಬಂದ ಉತ್ತರದಲ್ಲಿ ಯಜ್ಞವಿರಲಿಲ್ಲ, ವ್ರತವಿರಲಿಲ್ಲ, ಕಾಣಿಕೆಯಿರಲಿಲ್ಲ. ಕರ್ತನಾದ ಯೇಸುವಿನಲ್ಲಿ ನಂಬಿಕೆಯಿಡು ಎಂಬಷ್ಟೇ ಅದರ ತಾತ್ಪರ್ಯ. ಅದೇ ರಾತ್ರಿ ಆ ಕಾವಲುಗಾರನು ಅವರಿಬ್ಬರ ಗಾಯಗಳನ್ನು ತನ್ನ ಕೈಯಾರೆ ತೊಳೆದು, ಮನೆಗೆ ಕರೆದೊಯ್ದು ಊಟವಿಕ್ಕಿದನು. ಹಾಡು, ಉಚಿತವಾದ ರಕ್ಷಣೆ, ಅದರ ಬೆನ್ನಿಗೇ ಬಂದ ಸೇವೆ ಈ ಮೂರೂ ಇಲ್ಲಿ ಒಂದೇ ರಾತ್ರಿಯಲ್ಲಿ ಕೂಡಿಬಂದಿರುವುದನ್ನು ಓದುಗರು ಲಕ್ಷ್ಯದಲ್ಲಿಡಬೇಕು.

ಪೌಲನು ಮೊದಲು ಕ್ರೈಸ್ತರನ್ನು ಹಿಂಸಿಸುತ್ತಿದ್ದ ಕಟ್ಟಾ ಯೆಹೂದಿ. ಧರ್ಮಶಾಸ್ತ್ರದ ನಿಯಮಗಳನ್ನು ಪಾಲಿಸುವುದರಲ್ಲಿ ಯಾರಿಗೂ ಕಡಿಮೆಯಿಲ್ಲದವನೆಂದು ತಾನೇ ಹೇಳಿಕೊಂಡವನು. ಅಂಥವನು ರೋಮಾಪುರದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಕೂಲಿಗೂ ಕೊಡುಗೆಗೂ ಇರುವ ವ್ಯತ್ಯಾಸವನ್ನು ಎತ್ತಿ ತೋರಿಸಿದನು. ದುಡಿದವನಿಗೆ ಕೂಲಿಯು ಹಕ್ಕಾಗಿ ಸಲ್ಲುತ್ತದೆ. ಕೊಡುವವನು ಅದರಿಂದ ದಾನಿಯೆನಿಸುವುದಿಲ್ಲ. ಆದರೆ ದೇವರು ಮನುಷ್ಯನನ್ನು ಅಂಗೀಕರಿಸುವುದು ಕೂಲಿಯ ಲೆಕ್ಕದಿಂದಲ್ಲ; ಅದು ಅರ್ಹತೆಯಿಲ್ಲದವನಿಗೂ ದೊರೆಯುವ ಕೊಡುಗೆ ಎಂಬುದು ಅವನ ಬೋಧೆಯ ಸಾರ. ಕೂಲಿಯನ್ನು ಪಡೆದವನು ಎಣಿಸಿ ನೋಡಿಕೊಂಡು ಮನೆಗೆ ಹೋಗುತ್ತಾನೆ. ಕೊಡುಗೆಯನ್ನು ಪಡೆದವನಿಗೆ ಕೊಟ್ಟವನ ಹೆಸರೇ ಬಾಯಿಗೆ ಬರುತ್ತದೆ. ಪ್ರಸಾದವನ್ನು ಕೈಯೊಡ್ಡಿ ಸ್ವೀಕರಿಸುವುದನ್ನು ಬಲ್ಲ ನಮ್ಮ ಜನರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಕ್ರೈಸ್ತರ ಸ್ತುತಿಗಾನದ ಮೂಲವು ಇಲ್ಲಿಯೇ ಇದೆ.

ಐದನೆಯ ಶತಮಾನದ ಆದಿಯಲ್ಲಿ ಈ ವಿಷಯವಾಗಿ ಮೊದಲ ದೊಡ್ಡ ವಿವಾದವು ಹುಟ್ಟಿತು. ಬ್ರಿಟನ್ ದ್ವೀಪದಿಂದ ಬಂದ ಪೆಲಾಜಿಯಸ್ ಎಂಬ ವಿರಕ್ತನು, ಮನುಷ್ಯನು ಮನಸ್ಸು ಮಾಡಿದರೆ ಪಾಪವಿಲ್ಲದೆ ಬಾಳಬಲ್ಲನು ಎಂದು ಬೋಧಿಸಿದನು. ಅವನ ಮಾತಿನಲ್ಲಿ ನೀತಿಯ ಕಳಕಳಿಯಿತ್ತು. ದೇವರ ಕೃಪೆಯನ್ನು ನೆಪಮಾಡಿಕೊಂಡು ಸೋಮಾರಿಗಳಾದವರನ್ನು ಕಂಡು ಅವನು ನೊಂದಿದ್ದನು. ಉತ್ತರ ಆಫ್ರಿಕದ ಹಿಪ್ಪೊ ನಗರದ ಬಿಷಪ್ಪನಾದ ಅಗಸ್ಟೀನನು (೩೫೪-೪೩೦) ಅದನ್ನು ಖಂಡಿಸಿ, ಒಳ್ಳೆಯದನ್ನು ಬಯಸುವ ಮನಸ್ಸು ಸಹ ದೇವರ ಕೃಪೆಯಿಂದಲೇ ಹುಟ್ಟುತ್ತದೆಂದು ವಾದಿಸಿದನು. ೪೧೮ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಧರ್ಮಸಭೆಯು ಪೆಲಾಜಿಯಸನ ಮತವನ್ನು ತಿರಸ್ಕರಿಸಿತು. ಹೀಗೆ ಕೃಪೆಯ ಸಿದ್ಧಾಂತವು ಗೆದ್ದಿತಾದರೂ, ಮುಂದಿನ ಸಾವಿರ ವರ್ಷಗಳಲ್ಲಿ ಜನಸಾಮಾನ್ಯರ ಧಾರ್ಮಿಕ ಜೀವನವು ಬೇರೊಂದು ದಾರಿ ಹಿಡಿಯಿತು. ಪಾಪಕ್ಕೆ ತಕ್ಕ ಪ್ರಾಯಶ್ಚಿತ್ತ, ಪ್ರಾಯಶ್ಚಿತ್ತಕ್ಕೆ ಬದಲಾಗಿ ಯಾತ್ರೆ, ಯಾತ್ರೆಗೆ ಬದಲಾಗಿ ಕಾಣಿಕೆ, ಹೀಗೆ ಲೆಕ್ಕವು ಬೆಳೆಯುತ್ತ ಹೋಯಿತು. ಪೂಜೆಯ ಭಾಷೆ ಲ್ಯಾಟಿನ್ ಆಗಿದ್ದುದರಿಂದ ದೇವಾಲಯದಲ್ಲಿ ಹಾಡುವ ಕೆಲಸವು ಬಹುಮಟ್ಟಿಗೆ ಪಾದ್ರಿಗಳಿಗೂ ಗಾಯಕವೃಂದಕ್ಕೂ ಸೇರಿಹೋಯಿತು. ಹಬ್ಬಗಳಲ್ಲಿ ಹಾಡುವ ಕೆಲವು ದೇಶಭಾಷೆಯ ಗೀತೆಗಳು ಉಳಿದುಕೊಂಡಿದ್ದುವು; ಬೊಹೀಮಿಯದಲ್ಲಿ ಯಾನ್ ಹುಸನ ಅನುಯಾಯಿಗಳು ತಮ್ಮ ಚೆಕ್ ನುಡಿಯಲ್ಲಿ ಹಾಡುತ್ತಿದ್ದರು. ಆದರೂ ಸಾಮಾನ್ಯನು ದೇವಾಲಯದಲ್ಲಿ ಬಹುತೇಕ ಮೂಕಪ್ರೇಕ್ಷಕನಾಗಿದ್ದನು.

ಇಂಥ ಸನ್ನಿವೇಶದಲ್ಲಿ ಮಾರ್ಟಿನ್ ಲೂಥರನು ೧೪೮೩ರ ನವೆಂಬರ್ ೧೦ರಂದು ಜರ್ಮನಿಯ ಐಸ್ಲೆಬೆನ್ ಎಂಬ ಊರಿನಲ್ಲಿ ಜನಿಸಿದನು. ತಂದೆಯಾದ ಹಾನ್ಸ್ ಲೂಥರನು ತಾಮ್ರದ ಗಣಿಯ ಕೆಲಸದಿಂದ ಮೇಲೆ ಬಂದವನು. ಮಗನು ನ್ಯಾಯಶಾಸ್ತ್ರವನ್ನೋದಿ ದೊಡ್ಡ ಅಧಿಕಾರಿಯಾಗಲೆಂಬುದು ಅವನ ಆಸೆ. ಬಾಲಕನಾದ ಲೂಥರನು ಐಸೆನಾಖ್ ಪಟ್ಟಣದಲ್ಲಿ ಓದುತ್ತಿದ್ದಾಗ, ಆ ಕಾಲದ ಬಡ ವಿದ್ಯಾರ್ಥಿಗಳಂತೆ ಮನೆಮನೆಯ ಮುಂದೆ ಹಾಡಿ ಅನ್ನವನ್ನು ಬೇಡುತ್ತಿದ್ದನು. ಹಾಡು ಮತ್ತು ಭಿಕ್ಷೆ ಇವೆರಡೂ ಅವನಿಗೆ ಎಳವೆಯಿಂದಲೇ ಪರಿಚಿತವಾಗಿದ್ದುವು.

೧೫೦೫ರ ಜುಲೈ ೨ರಂದು ಎರ್ಫರ್ಟಿನ ವಿಶ್ವವಿದ್ಯಾಲಯಕ್ಕೆ ಹಿಂದಿರುಗುತ್ತಿದ್ದಾಗ ಸ್ಟೊಟರ್ನ್‌ಹೈಮ್ ಎಂಬ ಹಳ್ಳಿಯ ಬಳಿ ಅವನ ಸಮೀಪದಲ್ಲಿಯೇ ಸಿಡಿಲೆರಗಿತು. ಭಯಗ್ರಸ್ತನಾದ ಅವನು, ಬದುಕಿ ಉಳಿದರೆ ಸನ್ಯಾಸಿಯಾಗುವೆನೆಂದು ಸಂತ ಅನ್ನಳಿಗೆ ಹರಕೆ ಹೊತ್ತನು. ಹದಿನೈದು ದಿನಗಳೊಳಗಾಗಿ, ತಂದೆಯ ಕೋಪವನ್ನೂ ಲೆಕ್ಕಿಸದೆ, ಅಗಸ್ಟೀನ್ ಪಂಥದ ಮಠವನ್ನು ಸೇರಿದನು. ಉಪವಾಸ, ಜಾಗರಣೆ, ಚಳಿಯಲ್ಲಿ ಹೊದಿಕೆಯಿಲ್ಲದೆ ಮಲಗುವುದು, ಗಂಟೆಗಟ್ಟಲೆ ಪಾಪನಿವೇದನೆ ಮಾಡುವುದು, ಯಾವುದನ್ನೂ ಅವನು ಬಿಡಲಿಲ್ಲ. ಸನ್ಯಾಸದಿಂದ ಸ್ವರ್ಗವನ್ನು ಗಳಿಸಬಹುದಾದರೆ ತಾನು ಗಳಿಸಿಯೇ ಇರುತ್ತಿದ್ದೆನೆಂದು ಮುಂದೆ ಅವನು ಹೇಳಿಕೊಂಡುದರಲ್ಲಿ ಅತಿಶಯೋಕ್ತಿಯಿಲ್ಲ. ಆದರೆ ಅವನ ಮನಸ್ಸಿಗೆ ಶಾಂತಿ ದೊರೆಯಲಿಲ್ಲ. ಮಾಡಿದುದು ಸಾಕಾಯಿತೇ ಎಂಬ ಸಂಶಯವು ಪ್ರತಿ ಸಲವೂ ಉಳಿಯುತ್ತಿತ್ತು. ನಿವೇದಿಸಿ ಹೊರಬಂದ ಮೇಲೆ ಮರೆತುಹೋದ ಪಾಪವೊಂದು ನೆನಪಿಗೆ ಬರುತ್ತಿತ್ತು. ದೇವರು ಅವನ ಪಾಲಿಗೆ ಎಂದೂ ತೃಪ್ತನಾಗದ ಸಾಲಗಾರನಂತೆ ಬಾಗಿಲಲ್ಲಿ ನಿಂತಿದ್ದನು. ಹಿರಿಯ ಗುರುವಾದ ಸ್ಟೌಪಿಟ್ಸನು ಅವನನ್ನು ಸಂತೈಸಿ, ಕ್ರಿಸ್ತನ ಗಾಯಗಳನ್ನು ನೋಡೆಂದು ಬೋಧಿಸಿ, ಕೊನೆಗೆ ವಿಟೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಬೈಬಲನ್ನು ಪಾಠ ಹೇಳುವಂತೆ ನಿಯಮಿಸಿದನು.

೧೫೧೩ರಿಂದ ಲೂಥರನು ಕೀರ್ತನೆಗಳನ್ನೂ, ಬಳಿಕ ರೋಮಾಪುರದವರಿಗೆ ಬರೆದ ಪತ್ರವನ್ನೂ ಪಾಠ ಹೇಳತೊಡಗಿದನು. ಆ ಪತ್ರದ ಮೊದಲ ಅಧ್ಯಾಯದಲ್ಲಿ ಬರುವ ‘ದೇವರ ನೀತಿ’ ಎಂಬ ಮಾತು ಅವನನ್ನು ಬಹುಕಾಲ ಕಾಡಿತು. ನೀತಿವಂತನಾದ ದೇವರು ಪಾಪಿಗಳನ್ನು ದಂಡಿಸುವನೆಂಬುದೇ ಅದರ ಅರ್ಥವೆಂದು ಅವನು ಕಲಿತಿದ್ದನು. ಹಗಲಿರುಳು ಚಿಂತಿಸಿದ ಮೇಲೆ ಅವನಿಗೆ ಬೇರೊಂದು ಅರ್ಥವು ಹೊಳೆಯಿತು. ಆ ನೀತಿಯು ದೇವರು ಮನುಷ್ಯನಿಂದ ಬಲವಂತವಾಗಿ ಕೇಳುವಂಥದಲ್ಲ, ಮನುಷ್ಯನಿಗೆ ಉಚಿತವಾಗಿ ತೊಡಿಸುವಂಥದು. ನಂಬಿಕೆಯೆಂಬುದು ಅದನ್ನು ಪಡೆಯಲು ಚಾಚಿದ ಬರಿಗೈ. ತೆರೆದ ಬಾಗಿಲಿನ ಮೂಲಕ ಸ್ವರ್ಗವನ್ನೇ ಹೊಕ್ಕಂತಾಯಿತೆಂಬ ಭಾವದಲ್ಲಿ ೧೫೪೫ರಲ್ಲಿ, ಮರಣಕ್ಕೆ ಒಂದು ವರ್ಷ ಮೊದಲು, ಅವನು ಈ ಅನುಭವವನ್ನು ಸ್ಮರಿಸಿದ್ದಾನೆ.

ಈ ಅಂತರಂಗದ ಸಂಗತಿಯು ಬಹಿರಂಗಕ್ಕೆ ಬಂದುದು ಹಣದ ವ್ಯವಹಾರವೊಂದರಿಂದ. ರೋಮಿನಲ್ಲಿ ಸಂತ ಪೀಟರನ ಮಹಾದೇವಾಲಯವನ್ನು ಕಟ್ಟಿಸಲು ಪೋಪ್ ಹತ್ತನೆಯ ಲಿಯೊ ಕ್ಷಮಾಪಣಾ ಪತ್ರಗಳ ವಿತರಣೆಗೆ ಅನುಮತಿಯಿತ್ತಿದ್ದನು. ಮೈನ್ಸಿನ ಆರ್ಚ್‌ಬಿಷಪ್ ಪದವಿಗಾಗಿ ಆಲ್ಬ್ರೆಕ್ಟನು ಫುಗ್ಗರ್ ಎಂಬ ಲೇವಾದೇವಿಯ ಮನೆತನದಿಂದ ದೊಡ್ಡ ಸಾಲವನ್ನು ಮಾಡಿದ್ದನು. ಪತ್ರಗಳಿಂದ ಬಂದ ಹಣದಲ್ಲಿ ಅರ್ಧವು ದೇವಾಲಯಕ್ಕೆ, ಅರ್ಧವು ಸಾಲ ತೀರಿಸಲಿಕ್ಕೆ ಎಂದು ಏರ್ಪಾಡಾಯಿತು. ಶಾಸ್ತ್ರದ ಪ್ರಕಾರ ಆ ಪತ್ರವು ಪಶ್ಚಾತ್ತಾಪ ಪಟ್ಟವನಿಗೆ ವಿಧಿಸಿದ ಶಿಕ್ಷೆಯನ್ನು ಮಾತ್ರ ಕಡಿಮೆ ಮಾಡುವಂಥದು. ಆದರೆ ಟೆಟ್ಜೆಲನಂಥ ಪ್ರಚಾರಕರ ಬಾಯಲ್ಲಿ ಅದು ಸತ್ತ ತಂದೆತಾಯಿಗಳನ್ನು ಶುದ್ಧೀಕರಣಲೋಕದಿಂದ ಬಿಡಿಸುವ ರಸೀತಿಯಾಯಿತು. ೧೫೧೭ರ ಅಕ್ಟೋಬರ್ ೩೧ರಂದು ಲೂಥರನು ತೊಂಬತ್ತೈದು ವಾದಸೂತ್ರಗಳನ್ನು ಪತ್ರದೊಡನೆ ಆಲ್ಬ್ರೆಕ್ಟನಿಗೆ ಕಳುಹಿಸಿದನು. ಅವುಗಳನ್ನು ಕೋಟೆಯ ದೇವಾಲಯದ ಬಾಗಿಲಿಗೆ ಮೊಳೆ ಹೊಡೆದು ತೂಗಹಾಕಿದನೆಂಬ ಕಥೆಯ ವಿಷಯವಾಗಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಪತ್ರವನ್ನು ಬರೆದುದು ಮಾತ್ರ ನಿರ್ವಿವಾದ. ಮುದ್ರಣಯಂತ್ರದ ದೆಸೆಯಿಂದ ಆ ಸೂತ್ರಗಳು ಕೆಲವೇ ವಾರಗಳಲ್ಲಿ ಜರ್ಮನಿಯಲ್ಲೆಲ್ಲ ಹಬ್ಬಿದುವು. ದೇವರು ಉಚಿತವಾಗಿ ಕೊಡುವುದನ್ನು ಮನುಷ್ಯರು ಮಾರಬಹುದೇ ಎಂಬ ಪ್ರಶ್ನೆಯು ಬಡವನ ಮನಸ್ಸಿಗೂ ತಟ್ಟಿತು.

ಕೆಲಸದಿಂದ ಮುಕ್ತಿಯಿಲ್ಲವೆಂದರೆ ಸತ್ಕರ್ಮವನ್ನು ಯಾರು ಮಾಡಿಯಾರು ಎಂಬ ಆಕ್ಷೇಪವು ಕೂಡಲೇ ಎದ್ದಿತು. ಅದಕ್ಕೆ ಉತ್ತರವಾಗಿ ಲೂಥರನು ೧೫೨೦ರಲ್ಲಿ ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತ ಸಣ್ಣ ಗ್ರಂಥವನ್ನು ಬರೆದನು. ಹಣ್ಣುಗಳು ಮರವನ್ನು ಒಳ್ಳೆಯದನ್ನಾಗಿ ಮಾಡುವುದಿಲ್ಲ, ಒಳ್ಳೆಯ ಮರವು ಒಳ್ಳೆಯ ಹಣ್ಣನ್ನು ಬಿಡುತ್ತದೆ ಎಂಬುದು ಅಲ್ಲಿಯ ಒಂದು ದೃಷ್ಟಾಂತ. ಆತ್ಮವು ವಧು, ಕ್ರಿಸ್ತನು ವರ. ವಿವಾಹದಿಂದ ಅವಳ ಸಾಲವೆಲ್ಲ ಅವನದಾಗಿ ಅವನ ಸಂಪತ್ತೆಲ್ಲ ಅವಳದಾಗುತ್ತದೆ ಎಂಬುದು ಇನ್ನೊಂದು. ಶರಣಸತಿ-ಲಿಂಗಪತಿ ಭಾವವನ್ನು ಬಲ್ಲ ನಮ್ಮ ಓದುಗರಿಗೆ ಈ ಉಪಮೆಯು ಅಪರಿಚಿತವೆನಿಸಲಾರದು. ತನಗಾಗಿ ಏನನ್ನೂ ಗಳಿಸಬೇಕಾಗಿಲ್ಲದವನು ತನ್ನ ದುಡಿಮೆಯನ್ನೆಲ್ಲ ನೆರೆಯವನಿಗೆ ಕೊಡಬಲ್ಲನು ಎಂಬುದೇ ಆ ಗ್ರಂಥದ ನಿರ್ಣಯ.

೧೫೨೧ರ ಏಪ್ರಿಲಿನಲ್ಲಿ ವೋರ್ಮ್ಸ್ ನಗರದ ಮಹಾಸಭೆಯಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನ ಎದುರಿಗೆ ನಿಂತು ಲೂಥರನು ತನ್ನ ಬರೆಹಗಳನ್ನು ಹಿಂತೆಗೆದುಕೊಳ್ಳಲು ನಿರಾಕರಿಸಿದುದೂ, ವಾರ್ಟ್‌ಬರ್ಗ್ ಕೋಟೆಯಲ್ಲಿ ಅಡಗಿದ್ದು ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ಅನುವಾದಿಸಿದುದೂ ಪ್ರಸಿದ್ಧವಾದ ಸಂಗತಿಗಳು. ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದುದು ೧೫೨೩. ಆ ವರ್ಷದ ಜುಲೈ ೧ರಂದು ಬ್ರಸೆಲ್ಸ್ ನಗರದಲ್ಲಿ ಲೂಥರನ ಬೋಧನೆಯನ್ನು ಬಿಡಲೊಪ್ಪದ ಇಬ್ಬರು ತರುಣ ಸನ್ಯಾಸಿಗಳನ್ನು ಜೀವಂತವಾಗಿ ಸುಟ್ಟರು. ಸುದ್ದಿಯನ್ನು ಕೇಳಿದ ಲೂಥರನು ಅವರ ಸಾವನ್ನು ಕುರಿತು ಒಂದು ಲಾವಣಿಯನ್ನು ಕಟ್ಟಿದನು. ಆಗ ಅವನಿಗೆ ನಲವತ್ತರ ಸಮೀಪದ ವಯಸ್ಸು. ಅದಕ್ಕೆ ಮೊದಲು ಅವನು ಜನರಿಗಾಗಿ ಹಾಡು ಬರೆದವನಲ್ಲ. ಅದೇ ವರ್ಷದ ಕೊನೆಯಲ್ಲಿ ಗೆಳೆಯನಾದ ಸ್ಪಾಲಟೀನನಿಗೆ ಪತ್ರ ಬರೆದು, ದೇವರ ವಾಕ್ಯವು ಹಾಡಿನ ರೂಪದಲ್ಲಿ ಜನರ ನಡುವೆ ಉಳಿಯುವಂತೆ ಕೀರ್ತನೆಗಳನ್ನು ಜರ್ಮನ್ ಪದ್ಯಗಳಾಗಿ ರಚಿಸಲು ನೆರವಾಗಬೇಕೆಂದು ಕೇಳಿಕೊಂಡನು. ಆಸ್ಥಾನದ ಬಿಂಕದ ಮಾತುಗಳು ಬೇಡ, ಜನರು ಆಡುವ ಸರಳವಾದ ಮಾತುಗಳಿರಲಿ ಎಂದು ಎಚ್ಚರಿಕೆಯನ್ನೂ ಕೊಟ್ಟನು.

೧೫೨೪ರಲ್ಲಿ ನ್ಯೂರೆಂಬರ್ಗಿನಲ್ಲಿ ಎಂಟೇ ಹಾಡುಗಳ ಒಂದು ತೆಳು ಪುಸ್ತಕವು ಅಚ್ಚಾಯಿತು. ಅವುಗಳಲ್ಲಿ ನಾಲ್ಕು ಲೂಥರನವು. ಮೊದಲ ಹಾಡು ಕ್ರೈಸ್ತರೆಲ್ಲರನ್ನೂ ಹರ್ಷಕ್ಕೆ ಕರೆಯುತ್ತದೆ. ಹತ್ತು ಪದ್ಯಗಳ ಆ ಗೀತೆಯಲ್ಲಿ ಒಬ್ಬ ಸೆರೆಯಾಳಿನ ಕಥೆಯಿದೆ. ಅವನು ಸೈತಾನನ ಬಂಧನದಲ್ಲಿದ್ದಾನೆ, ಸತ್ಕರ್ಮಗಳು ಅವನಿಗೆ ಒದಗುತ್ತಿಲ್ಲ, ಹತಾಶೆಯು ಅವನನ್ನು ನರಕದತ್ತ ನೂಕುತ್ತಿದೆ. ಆಗ ತಂದೆಯಾದ ದೇವರು ಮರುಗಿ ಮಗನನ್ನು ಕಳುಹಿಸುತ್ತಾನೆ. ಮಗನು ಬಂದು ಆ ಸೆರೆಯಾಳಿನೊಡನೆ ಆಪ್ತನಾಗಿ ಮಾತನಾಡುತ್ತಾನೆ. ಎರ್ಫರ್ಟಿನ ಮಠದಲ್ಲಿ ಲೂಥರನು ಪಟ್ಟ ಪಾಡೆಲ್ಲವೂ ಇಲ್ಲಿ ಹಾಡಾಗಿದೆ. ಅದೇ ಪುಸ್ತಕದಲ್ಲಿ ಪಾಲ್ ಸ್ಪೆರಾಟಸನ ಮೂರು ಹಾಡುಗಳಿವೆ. ಅವನು ಮೊರಾವಿಯದಲ್ಲಿ ಬೋಧಿಸುತ್ತಿದ್ದಾಗ ಸೆರೆಸಿಕ್ಕಿ, ಬೆಂಕಿಗೆ ಗುರಿಯಾಗುವ ಅಪಾಯದಿಂದ ಪಾರಾದವನು. ರಕ್ಷಣೆಯು ಶುದ್ಧ ಕೃಪೆಯಿಂದಲೇ ಬಂದಿತೆಂದು ಸಾರುವ ಅವನ ಹೆಸರಾಂತ ಗೀತೆಯು ಓಲ್ಮ್ಯೂಟ್ಸಿನ ಸೆರೆಮನೆಯಲ್ಲಿ ರಚಿತವಾಯಿತೆಂದು ಪ್ರತೀತಿ. ಫಿಲಿಪ್ಪಿಯ ಸೆರೆಮನೆಯ ನಡುರಾತ್ರಿಯು ಓದುಗರಿಗೆ ಇಲ್ಲಿ ನೆನಪಾಗದಿರದು.

ಈ ಹಾಡುಗಳು ಬಿಡಿ ಹಾಳೆಗಳಲ್ಲಿ ಅಚ್ಚಾಗಿ ಸಂತೆಬೀದಿಗಳಿಗೆ ಬಂದುವು. ೧೫೨೪ರ ಮೇ ತಿಂಗಳಿನಲ್ಲಿ ಮಾಗ್ಡೆಬರ್ಗ್ ನಗರದ ಚೌಕದಲ್ಲಿ ಒಬ್ಬ ಬಡ ಮುದುಕ, ಬಟ್ಟೆ ನೇಯುವವನು, ಲೂಥರನ ಹಾಡುಗಳನ್ನು ಹಾಡುತ್ತ ಹಾಳೆಗಳನ್ನು ಮಾರುತ್ತಿದ್ದನು. ಬೆಳಗಿನ ಪೂಜೆ ಮುಗಿಸಿಕೊಂಡು ಬರುತ್ತಿದ್ದ ನಗರಾಧ್ಯಕ್ಷನು ಅವನನ್ನು ಹಿಡಿಸಿ ಸೆರೆಗೆ ಹಾಕಿಸಿದನು. ಊರಿನ ಜನರು ಗುಂಪುಗೂಡಿ ಪುರಭವನಕ್ಕೆ ನಡೆದು ಮುದುಕನನ್ನು ಬಿಡಿಸಿಕೊಂಡು ಬಂದರು. ಕೆಲವೇ ವಾರಗಳಲ್ಲಿ ಆ ನಗರವು ಮತಸುಧಾರಣೆಯ ಪಕ್ಷವನ್ನು ಸೇರಿತು. ಗ್ರಂಥವನ್ನು ಓದಲಾರದವನೂ ಹಾಡನ್ನು ಕಲಿಯಬಲ್ಲನು; ಕಲಿತ ಹಾಡನ್ನು ಅವನ ಎದೆಯಿಂದ ಯಾವ ಅಧಿಕಾರಿಯೂ ಜಪ್ತಿ ಮಾಡಲಾರನು. ಲೂಥರನ ಗ್ರಂಥಗಳಿಗಿಂತ ಅವನ ಹಾಡುಗಳೇ ಹೆಚ್ಚು ಜನರನ್ನು ಕೆಡಿಸಿದುವೆಂದು ಹದಿನೇಳನೆಯ ಶತಮಾನದ ಒಬ್ಬ ಜೆಸುಯಿಟ್ ಲೇಖಕನು ದೂರಿದುದು ವಾಸ್ತವದಲ್ಲಿ ದೊಡ್ಡ ಪ್ರಶಂಸೆಯೇ ಆಗಿದೆ.

ಲೂಥರನ ಸಮಕಾಲೀನರಾದ ಸುಧಾರಕರೆಲ್ಲರೂ ಹಾಡಿಗೆ ಇಷ್ಟು ಸ್ಥಾನವನ್ನು ಕೊಡಲಿಲ್ಲವೆಂಬುದನ್ನು ಗಮನಿಸಬೇಕು. ಜ್ಯೂರಿಕ್ ನಗರದ ಸ್ವಿಂಗ್ಲಿಯು ಸ್ವತಃ ಹಲವು ವಾದ್ಯಗಳನ್ನು ನುಡಿಸಬಲ್ಲವನಾಗಿದ್ದರೂ ಆರಾಧನೆಯಿಂದ ಸಂಗೀತವನ್ನು ಹೊರಗಿಟ್ಟನು. ಜಿನೀವಾದ ಕ್ಯಾಲ್ವಿನನು ಬೈಬಲ್ಲಿನ ಕೀರ್ತನೆಗಳನ್ನು ಹಾಡಲು ಪ್ರೋತ್ಸಾಹಿಸಿದನು. ಲೂಥರನಾದರೋ ದೇವಶಾಸ್ತ್ರದ ನಂತರದ ಸ್ಥಾನವನ್ನು ಸಂಗೀತಕ್ಕೇ ಕೊಟ್ಟನು. ಅವನು ಲೂಟ್ ಎಂಬ ತಂತಿವಾದ್ಯವನ್ನು ನುಡಿಸುತ್ತಿದ್ದನು. ಊಟವಾದ ಮೇಲೆ ಮಕ್ಕಳೊಡನೆಯೂ ಅತಿಥಿಗಳೊಡನೆಯೂ ಹಾಡುತ್ತಿದ್ದನು. ಸುವಾರ್ತೆಯೆಂದರೆ ಸಂತೋಷದ ಸುದ್ದಿ. ಸಂತೋಷದ ಸುದ್ದಿಯನ್ನು ಕೇಳಿದವನು ಸುಮ್ಮನಿರಲಾರನು, ಹಾಡಿಯೇ ಹಾಡುತ್ತಾನೆ ಎಂಬುದು ಅವನ ದೃಢವಾದ ನಂಬಿಕೆ. ಅವನು ರಚಿಸಿದ ಗೀತೆಗಳು ಮೂವತ್ತೇಳರ ಆಸುಪಾಸಿನಲ್ಲಿವೆ. ಎರಡು ಶತಮಾನಗಳ ತರುವಾಯ ಲೈಪ್ಜಿಗ್ ನಗರದಲ್ಲಿ ಯೋಹಾನ್ ಸೆಬಾಸ್ಟಿಯನ್ ಬಾಖನು ರಚಿಸಿದ ಮಹಾಸಂಗೀತಕ್ಕೆ ಈ ಹಾಡುಗಳೇ ತಳಹದಿಯಾದುವು.

ಇದೇ ಬೆಂಕಿಯ ಕಿಡಿಯು ಇಂಗ್ಲೆಂಡಿಗೆ ಹಾರಿದ ಬಗೆಯು ಸ್ವಾರಸ್ಯವಾಗಿದೆ. ಜಾನ್ ವೆಸ್ಲಿ ಮತ್ತು ಚಾರ್ಲ್ಸ್ ವೆಸ್ಲಿ ಎಂಬ ಸೋದರರು ಆಕ್ಸ್‌ಫರ್ಡಿನಲ್ಲಿ ಕಠಿಣವಾದ ನಿಯಮದಿಂದ ಬಾಳಿ, ಉಪವಾಸವಿದ್ದು, ಸೆರೆಮನೆಗಳಿಗೆ ಹೋಗಿ ಕೈದಿಗಳ ಸೇವೆ ಮಾಡುತ್ತಿದ್ದರು. ಆದರೂ ಅವರಿಗೆ ಲೂಥರನಿಗಿದ್ದ ಅಶಾಂತಿಯೇ ಇದ್ದಿತು. ಅಮೆರಿಕದ ಜಾರ್ಜಿಯಕ್ಕೆ ಹೋಗುವಾಗ, ೧೭೩೬ರ ಜನವರಿಯಲ್ಲಿ, ಅವರ ಹಡಗು ಬಿರುಗಾಳಿಗೆ ಸಿಕ್ಕಿತು. ತೆರೆಯು ಹಡಗಿನ ಮೇಲೆರಗಿ ಪಟವನ್ನು ಹರಿದಾಗ ಇಂಗ್ಲಿಷರು ಚೀರಿಕೊಂಡರು. ಅದೇ ಹಡಗಿನಲ್ಲಿದ್ದ ಮೊರಾವಿಯನ್ ಪಂಥದ ಜರ್ಮನರು, ಹೆಂಗಸರು ಮಕ್ಕಳೊಡನೆ, ಹಿಡಿದ ಹಾಡನ್ನು ನಿಲ್ಲಿಸದೆ ಹಾಡಿದರು. ಆ ದೃಶ್ಯವು ಜಾನನ ಮನಸ್ಸಿನಲ್ಲಿ ಅಚ್ಚೊತ್ತಿತು. ೧೭೩೮ರ ಮೇ ೨೪ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯಲ್ಲಿ ಕೂಡಿದ ಸಣ್ಣ ಸಭೆಯೊಂದರಲ್ಲಿ, ರೋಮಾಪುರದವರ ಪತ್ರಕ್ಕೆ ಲೂಥರನು ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ, ಅವನಿಗೆ ನೆಮ್ಮದಿಯು ದೊರೆಯಿತು. ಚಾರ್ಲ್ಸನಿಗೆ ಅದು ಮೂರು ದಿನ ಮೊದಲೇ ದೊರೆತಿತ್ತು. ಅವನು ಅಂದಿನಿಂದ ಬಾಳಿನ ಕೊನೆಯವರೆಗೆ ಆರು ಸಾವಿರಕ್ಕೂ ಮಿಕ್ಕಿ ಸ್ತುತಿಗೀತೆಗಳನ್ನು ಬರೆದನು.

ಅದೇ ವರ್ಷದ ಜುಲೈನಲ್ಲಿ ಚಾರ್ಲ್ಸ್ ವೆಸ್ಲಿಯು ಲಂಡನ್ನಿನ ನ್ಯೂಗೇಟ್ ಸೆರೆಮನೆಯಲ್ಲಿ ಮರಣದಂಡನೆಗೆ ಗುರಿಯಾದ ಕೈದಿಗಳ ಬಳಿಗೆ ದಿನವೂ ಹೋಗತೊಡಗಿದನು. ಅವರಲ್ಲಿ ಒಡೆಯನ ಮನೆಯಲ್ಲಿ ಕಳವು ಮಾಡಿದ ಒಬ್ಬ ಕಪ್ಪುವರ್ಣದ ಸೇವಕನಿದ್ದನು, ಜ್ವರದಿಂದ ಮಲಗಿದ್ದನು. ಪಾಪಿಗಳಿಗಾಗಿ ಸ್ವರ್ಗದಿಂದ ಇಳಿದುಬಂದವನ ಕಥೆಯನ್ನು ಕೇಳಿ ಅವನ ಕಣ್ಣುಗಳಿಂದ ನೀರಿಳಿಯಿತು. ಗಲ್ಲಿಗೆ ಹಿಂದಿನ ರಾತ್ರಿ ಚಾರ್ಲ್ಸನು ಅವರ ಕೋಣೆಯಲ್ಲಿಯೇ ಕೂಡಿಹಾಕಿಸಿಕೊಂಡು ಅವರೊಡನೆ ಪ್ರಾರ್ಥಿಸಿದನು. ಮರುದಿನ ಟೈಬರ್ನಿನ ಗಲ್ಲುಮರದ ಕೆಳಗೆ ಬಂಡಿಯ ಮೇಲೆ ನಿಂತು ಅವರೊಡನೆ ಹಾಡಿದನು. ತನ್ನ ಬಾಳಿನಲ್ಲಿಯೇ ಅದು ಅತ್ಯಂತ ಧನ್ಯವಾದ ಗಳಿಗೆಯೆಂದು ಅವನು ದಿನಚರಿಯಲ್ಲಿ ಬರೆದುಕೊಂಡನು.

ಕೃಪೆಯ ಸಿದ್ಧಾಂತವು ಏಕೆ ಬೇಕು ಎಂಬ ಪ್ರಶ್ನೆಗೆ ಟೈಬರ್ನಿನ ಆ ಬಂಡಿಯೇ ಉತ್ತರವಾಗಿದೆ. ಆರೋಗ್ಯವಂತನಿಗೆ, ವಿದ್ಯಾವಂತನಿಗೆ, ಕೈಯಲ್ಲಿ ಕಾಸಿದ್ದವನಿಗೆ ಪುಣ್ಯವನ್ನು ಗಳಿಸಲು ಸಮಯವೂ ಇದೆ, ಸಾಧನವೂ ಇದೆ. ನಾಳೆ ಬೆಳಿಗ್ಗೆ ಸಾಯುವವನಿಗೆ ಏನಿದೆ? ಕದ್ದುದನ್ನು ಹಿಂದಿರುಗಿಸಲು ಅವನಿಗೆ ಹಣವಿಲ್ಲ, ತಪಸ್ಸಿಗೆ ದಿನಗಳಿಲ್ಲ, ಯಾತ್ರೆಗೆ ಕಾಲುಗಳಿಗೆ ಬಿಡುಗಡೆಯಿಲ್ಲ. ಮುಕ್ತಿಯು ಗಳಿಕೆಯಾಗಿದ್ದರೆ ಅದು ಉಳ್ಳವರ ಸೊತ್ತಾಗಿಬಿಡುತ್ತದೆ. ಕ್ರಿಸ್ತನ ಪಕ್ಕದಲ್ಲಿ ಶಿಲುಬೆಗೇರಿದ ಕಳ್ಳನಿಗೆ ಆ ದಿನವೇ ಪರದೈಸಿನ ಭರವಸೆ ದೊರೆತ ಕಥೆಯನ್ನು ಕ್ರೈಸ್ತರು ಮತ್ತೆ ಮತ್ತೆ ನೆನೆಯುವುದು ಇದಕ್ಕಾಗಿಯೇ. ಬರಿಗೈಯವನೂ ಬರಬಹುದಾದ ಬಾಗಿಲು ಒಂದಿದೆಯೆಂಬ ಸಮಾಧಾನವು ಅವರ ಹಾಡಿನ ಹರ್ಷಕ್ಕೆ ಕಾರಣ.

ಆದರೆ ಇತಿಹಾಸಕಾರನು ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕಾಗುತ್ತದೆ. ೧೫೨೫ರಲ್ಲಿ ಜರ್ಮನಿಯ ರೈತರು ಜೀತದ ವಿರುದ್ಧ ದಂಗೆಯೆದ್ದಾಗ, ಲೂಥರನು ಮೊದಲು ಒಡೆಯರ ಅನ್ಯಾಯವನ್ನು ಖಂಡಿಸಿದರೂ, ದಂಗೆಯು ಹಿಂಸೆಗೆ ತಿರುಗಿದಾಗ ಅವರನ್ನು ನಿರ್ದಯವಾಗಿ ಕೊಲ್ಲಿರೆಂದು ಬರೆದನು. ಆ ವರ್ಷ ಲಕ್ಷದಷ್ಟು ರೈತರು ಮಡಿದರೆಂದು ಅಂದಾಜು. ೧೫೪೩ರಲ್ಲಿ ಯೆಹೂದ್ಯರ ಮೇಲೆ ವಿಷವನ್ನು ಕಾರುವ ಗ್ರಂಥವನ್ನು ಬರೆದನು. ನಾಲ್ಕು ಶತಮಾನಗಳ ಮೇಲೆ ನಾಜಿಗಳು ಅದನ್ನು ತಮ್ಮ ಕ್ರೌರ್ಯಕ್ಕೆ ಬಳಸಿಕೊಂಡರು. ಕೃಪೆಯನ್ನು ಪಡೆದೆನೆಂದು ಹಾಡಿದವನೇ ಇತರರಿಗೆ ಕೃಪೆಯನ್ನು ತೋರಲಾರದೆ ಹೋದನು. ೧೯೮೪ರಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ೧೯೯೪ರಲ್ಲಿ ಅಮೆರಿಕದ ಲೂಥರನ್ ಸಭೆಯೂ ಆ ಬರೆಹವನ್ನು ಬಹಿರಂಗವಾಗಿ ತಿರಸ್ಕರಿಸಿದುವು.

ಜಾನ್ ನ್ಯೂಟನ್ನನ ಬಾಳು ಇನ್ನೊಂದು ನಿದರ್ಶನ. ಇಂದು ಜಗತ್ತಿನಾದ್ಯಂತ ಹಾಡುವ, ಅದ್ಭುತವಾದ ಕೃಪೆಯನ್ನು ಕೊಂಡಾಡುವ ಗೀತೆಯನ್ನು ಬರೆದವನು ಅವನೇ. ೧೭೪೮ರಲ್ಲಿ ಸಮುದ್ರದ ಬಿರುಗಾಳಿಯಿಂದ ಪಾರಾಗಿ ಅವನು ದೇವರ ಕಡೆಗೆ ತಿರುಗಿದನು. ಆದರೂ ೧೭೫೪ರವರೆಗೆ ಆಫ್ರಿಕದ ಜನರನ್ನು ಸರಪಳಿಯಲ್ಲಿ ಬಿಗಿದು ಮಾರುವ ಹಡಗುಗಳಲ್ಲಿಯೇ ದುಡಿದನು, ನಾಯಕನೂ ಆಗಿದ್ದನು. ಹಡಗಿನ ಮೇಲ್ಗಡೆ ಪ್ರಾರ್ಥನೆ, ಕೆಳಗಡೆ ಗುಲಾಮರ ನರಳಾಟ. ಆ ವ್ಯಾಪಾರವನ್ನು ಖಂಡಿಸಿ, ತನ್ನ ಪಾತ್ರಕ್ಕಾಗಿ ನಾಚಿಕೊಂಡು, ಅವನು ಕಿರುಹೊತ್ತಗೆಯನ್ನು ಪ್ರಕಟಿಸಿದುದು ೧೭೮೮ರಲ್ಲಿ. ಕೃಪೆಯು ಒಂದು ಗಳಿಗೆಯಲ್ಲಿ ದೊರೆಯಬಹುದು. ಅದು ಕಣ್ಣನ್ನು ಪೂರ್ತಿಯಾಗಿ ತೆರೆಸಲು ನಲವತ್ತು ವರ್ಷಗಳು ಬೇಕಾಗಬಹುದು ಎಂಬ ಪಾಠ ಇಲ್ಲಿದೆ.

ಈ ಅಪಾಯವನ್ನು ಅತ್ಯಂತ ಸ್ಪಷ್ಟವಾಗಿ ಗುರುತಿಸಿದವನು ಲೂಥರನ ಪರಂಪರೆಯವನೇ ಆದ ಡೀಟ್ರಿಕ್ ಬಾನ್‌ಹೋಫರ್. ೧೯೩೭ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವನು, ಪಶ್ಚಾತ್ತಾಪವಿಲ್ಲದ, ಬಾಳನ್ನು ಬದಲಿಸದ ಕೃಪೆಯನ್ನು ಅಗ್ಗದ ಕೃಪೆಯೆಂದು ಕರೆದು, ಅದೇ ಸಭೆಯ ಕಡುವೈರಿಯೆಂದು ಸಾರಿದನು. ಉಚಿತವಾದುದೆಲ್ಲ ಅಗ್ಗವಾದುದಲ್ಲ, ಕೊಟ್ಟವನಿಗೆ ಅದು ಎಷ್ಟು ದುಬಾರಿಯಾಯಿತೆಂಬುದನ್ನು
ಪಡೆದವನು ಮರೆಯಬಾರದು ಎಂಬುದು ಅವನ ಅಭಿಪ್ರಾಯ. ಹಿಟ್ಲರನನ್ನು ವಿರೋಧಿಸಿ ೧೯೪೩ರಲ್ಲಿ ಸೆರೆಯಾದ ಬಾನ್‌ಹೋಫರನು ೧೯೪೪ರ ಡಿಸೆಂಬರಿನಲ್ಲಿ ಬರ್ಲಿನ್ನಿನ ನೆಲಮಾಳಿಗೆಯ ಕೋಣೆಯಿಂದ ಮನೆಯವರಿಗೆ ಒಂದು ಕವಿತೆಯನ್ನು ಬರೆದು ಕಳುಹಿಸಿದನು. ದೇವರ ಆಸರೆಯನ್ನು ಕುರಿತ ಆ ಕವಿತೆಯು ಇಂದು ಜರ್ಮನಿಯ ದೇವಾಲಯಗಳಲ್ಲಿ ಸ್ತುತಿಗೀತೆಯಾಗಿದೆ. ೧೯೪೫ರ ಏಪ್ರಿಲ್ ೯ರಂದು ಅವನನ್ನು ಗಲ್ಲಿಗೇರಿಸಿದರು. ಪೌಲ-ಸೀಲರ ಹಾಡು ಸೆರೆಮನೆಯಿಂದ ಸೆರೆಮನೆಗೆ ಹೀಗೆ ಹರಿದುಬಂದಿದೆ.

ಈ ಪರಂಪರೆಗೆ ನಮ್ಮ ನಾಡಿನ ನಂಟೂ ಉಂಟು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತಮ್ಮ ಜರ್ಮನ್ ಸ್ತುತಿಗೀತೆಗಳನ್ನು ಕನ್ನಡಕ್ಕೆ ತಂದರು. ಜನರ ನುಡಿಯಲ್ಲಿಯೇ ಹಾಡಬೇಕೆಂಬ ಲೂಥರನ ತತ್ತ್ವವು ಅವರನ್ನು ಕನ್ನಡದ ಅಧ್ಯಯನಕ್ಕೆ ಹಚ್ಚಿತು. ಕಿಟೆಲ್ಲರು ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ‘ಕಥಾಮಾಲೆ’ಯೆಂಬ ಹೆಸರಿನಿಂದ ೧೮೬೨ರಲ್ಲಿ ಹೊರತಂದರು, ಅವರ ನಿಘಂಟು ೧೮೯೪ರಲ್ಲಿ ಬೆಳಕು ಕಂಡಿತು. ಮೋಗ್ಲಿಂಗರು ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದುದು ಕನ್ನಡಿಗರು ಕೃತಜ್ಞತೆಯಿಂದ ನೆನೆಯಬೇಕಾದ ಕಾರ್ಯ. ಅನ್ಯರ ಮನಸ್ಸನ್ನು ಮುಟ್ಟಲು ಬಂದವರು ಅನ್ಯರ ಹಾಡನ್ನು ಮೊದಲು ಕೇಳಬೇಕಾಯಿತು.

ಕೃಪೆಯ ಪ್ರಶ್ನೆಯಿಂದ ಒಡೆದ ಸಭೆಯು ಅದೇ ಪ್ರಶ್ನೆಯ ಸುತ್ತ ಮತ್ತೆ ಹತ್ತಿರಕ್ಕೆ ಬಂದುದು ಇತ್ತೀಚಿನ ಇತಿಹಾಸದ ಸಂತೋಷಕರ ಸಂಗತಿ. ೧೫೪೭ರಲ್ಲಿ ಟ್ರೆಂಟಿನ ಮಹಾಸಭೆಯು, ಕೃಪೆಯೇ ಮೊದಲೆಂದು ಒಪ್ಪಿದರೂ, ನಂಬಿಕೆಯೊಂದರಿಂದಲೇ ಸಾಕೆಂಬ ಬೋಧನೆಯನ್ನು ತಿರಸ್ಕರಿಸಿತ್ತು. ನಾಲ್ಕೂವರೆ ಶತಮಾನಗಳ ಬಳಿಕ, ೧೯೯೯ರ ಅಕ್ಟೋಬರ್ ೩೧ರಂದು, ಆಗ್ಸ್‌ಬರ್ಗ್ ನಗರದಲ್ಲಿ ರೋಮನ್ ಕ್ಯಾಥೋಲಿಕ್ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಕೂಡಿ ಒಂದು ಘೋಷಣೆಗೆ ಸಹಿ ಹಾಕಿದುವು. ಮನುಷ್ಯನನ್ನು ದೇವರು ಅಂಗೀಕರಿಸುವುದು ಅವನ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ. ಆ ಕೃಪೆಯು ಅವನನ್ನು ಸತ್ಕರ್ಮಕ್ಕೆ ಪ್ರೇರಿಸುತ್ತದೆ ಎಂಬುದು ಅದರ ತಿರುಳು. ೨೦೦೬ರಲ್ಲಿ ವೆಸ್ಲಿಯ ಅನುಯಾಯಿಗಳಾದ ಮೆಥಡಿಸ್ಟರೂ ಅದಕ್ಕೆ ಸಮ್ಮತಿಯಿತ್ತರು. ಉಳಿದ ಭೇದಗಳು ಉಳಿದಿವೆ. ಆದರೆ ಒಂದು ಕಾಲದಲ್ಲಿ ಪರಸ್ಪರ ಸುಟ್ಟುಕೊಂಡವರು ಒಂದೇ ಹಾಳೆಗೆ ಸಹಿ ಹಾಕಿದರೆಂಬುದು ಸಾಮಾನ್ಯ ವಿಷಯವಲ್ಲ.

ಲೂಥರನು ೧೫೪೬ರ ಫೆಬ್ರವರಿ ೧೮ರಂದು, ತಾನು ಹುಟ್ಟಿದ ಐಸ್ಲೆಬೆನ್ನಿನಲ್ಲಿಯೇ ತೀರಿಕೊಂಡನು. ಅದಕ್ಕೆ ಎರಡು ದಿನ ಮೊದಲು ಒಂದು ಚೀಟಿಯಲ್ಲಿ ಅವನು ಬರೆದಿಟ್ಟ ಕೊನೆಯ ಬರೆಹವು ಬಳಿಕ ದೊರೆಯಿತು. ದೇವರೆದುರಿಗೆ ನಾವೆಲ್ಲರೂ ಭಿಕ್ಷುಕರೇ, ಇದು ನಿಜ ಎಂಬುದು ಅದರ ಕೊನೆಯ ಭಾವ. ಐಸೆನಾಖಿನ ಬೀದಿಗಳಲ್ಲಿ ಹಾಡಿ ಅನ್ನ ಬೇಡಿದ ಬಾಲಕನು, ಅರ್ಧ ಯೂರೋಪನ್ನು ಅಲುಗಾಡಿಸಿದ ಮೇಲೂ, ತನ್ನನ್ನು ಆ ಸ್ಥಾನದಲ್ಲಿಯೇ ಕಂಡುಕೊಂಡನು. ದೇವರ ಮುಂದೆ ಲೆಕ್ಕದ ಪುಸ್ತಕವನ್ನು ಬಿಚ್ಚುವವನು ಎಂದಿಗೂ ಹಾಡಲಾರನು. ಕೈಯೊಡ್ಡಿ ನಿಂತವನಿಗೆ ಹಾಡು ತಾನಾಗಿ ಬರುತ್ತದೆ. ಆದರೆ ಪಡೆದ ಕೈಯು ಮುಂದೆ ಇನ್ನೊಬ್ಬರ ಗಾಯವನ್ನು ತೊಳೆಯಬೇಕು. ಫಿಲಿಪ್ಪಿಯ ಆ ಕಾವಲುಗಾರನು ಅದೇ ರಾತ್ರಿ ಮಾಡಿದುದು ಅದನ್ನೇ.